ಒಂದು ಸಹಿಯ ದೂರ ಪ್ರಯಾಣ

ಧಾರವಾಡದ ನಿವೃತ್ತ ಡಾಕ್ಟರೊಬ್ಬರನ್ನು ಊಹಿಸಿಕೊಳ್ಳಿ. ಲಂಡನ್ನಿನಲ್ಲಿ ದುಡಿಯುತ್ತಿದ್ದಾಗ ಕೊಂಡ ಮನೆ ಅಲ್ಲೇ ಇದೆ. ಈಗ ಮಾರಬೇಕು, ಮೊಣಕಾಲು ಕೇಳುತ್ತಿಲ್ಲ. ಅಲ್ಲಿರುವ ಮಗಳ ಹೆಸರಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟರಾಯಿತು ಎನ್ನುತ್ತೇವೆ. ಆದರೆ ಧಾರವಾಡದಲ್ಲಿ ಹಾಕಿದ ಸಹಿಯನ್ನು ಲಂಡನ್ನಿನವರು ಯಾಕೆ ನಂಬಬೇಕು? ಈ ಪತ್ರದ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದೇ.

ನಮ್ಮ ಹಿರಿಯರು ಇದನ್ನು ಮುಖ್ತ್ಯಾರ್‌ನಾಮೆ ಎನ್ನುತ್ತಿದ್ದರು. ಬ್ರಿಟಿಷರು 1882ರಲ್ಲಿ ಇದಕ್ಕೊಂದು ಪುಟ್ಟ ಕಾಯ್ದೆ ಮಾಡಿದರು. ಪತ್ರಕ್ಕೆ ಕಾಯ್ದೆ ಸಿಕ್ಕಿತು, ಸಹಿಗೆ ಸಾಕ್ಷಿ ಹೇಳುವ ನೋಟರಿಯ ಕತೆ ಬೇರೆ. ಎಲ್ಲ ಕೆಲಸಕ್ಕೂ ಸಲ್ಲುವ ನೋಟರಿಯಾಗಲು ಇಲ್ಲಿನವರು ಇಂಗ್ಲೆಂಡಿನ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ನ್ಯಾಯಾಲಯದಿಂದ ನೇಮಕ ಪಡೆಯಬೇಕಿತ್ತು! ಸ್ವಾತಂತ್ರ್ಯ ಬಂದ ಮೇಲೂ ಇದು ನಡೆದೇ ಇತ್ತು. 1952ರ ನೋಟರಿ ಕಾಯ್ದೆ ಆ ಅಧಿಕಾರವನ್ನು ನಮ್ಮ ಸರ್ಕಾರಗಳ ಕೈಗೆ ತಂದಿತು.

ಆದರೂ ಹೊರದೇಶಕ್ಕೆ ನಮ್ಮ ನೋಟರಿ ಅಪರಿಚಿತನೇ. ನೋಟರಿಯ ಮುದ್ರೆಗೆ ರಾಜ್ಯ ಸರ್ಕಾರ ಸಾಕ್ಷಿ, ಅದಕ್ಕೆ ದಿಲ್ಲಿಯ ವಿದೇಶಾಂಗ ಸಚಿವಾಲಯ ಸಾಕ್ಷಿ, ಅದಕ್ಕೂ ಆ ದೇಶದ ರಾಯಭಾರ ಕಚೇರಿ ಸಾಕ್ಷಿ. ಹೀಗೆ ಮುದ್ರೆಯ ಮೇಲೆ ಮುದ್ರೆ.

ಇದಕ್ಕೆ ದಾರಿ ಹುಡುಕಿದ್ದು 1961ರ ಅಕ್ಟೋಬರ್ 5ರ ಹೇಗ್ ಒಪ್ಪಂದ. ಅದು ತಂದ ಪ್ರಮಾಣಪತ್ರವೇ ‘ಅಪೋಸ್ಟಿಲ್’, ಫ್ರೆಂಚಿನಲ್ಲಿ ಅಂಚಿನ ಟಿಪ್ಪಣಿ ಎಂದು ಅರ್ಥ. ಕನಿಷ್ಠ ಒಂಬತ್ತು ಸೆಂಟಿಮೀಟರ್ ಬದಿಯ ಚೌಕ, ಅದರೊಳಗೆ ಹತ್ತು ಕಲಮುಗಳು. ಇದೊಂದಿದ್ದರೆ ಸದಸ್ಯ ದೇಶಗಳಲ್ಲಿ ರಾಯಭಾರ ಕಚೇರಿಗೆ ಅಲೆಯಬೇಕಿಲ್ಲ. ಭಾರತಕ್ಕೆ ಇದು ಅನ್ವಯವಾದದ್ದು 2005ರ ಜುಲೈ 14ರಿಂದ.

ನಮ್ಮ ಕರಾವಳಿಯವರು ಹೆಚ್ಚಾಗಿ ಹೋಗುವ ಕೊಲ್ಲಿಯಲ್ಲೇ ಎರಡು ಬಗೆ ಕಾಣಬಹುದು. ಒಮಾನ್, ಬಹ್ರೇನ್, ಸೌದಿ ಒಪ್ಪಂದದೊಳಗೆ ಬಂದಿವೆ. ಒಪ್ಪಂದ ಸೇರದ ದೇಶಕ್ಕೆ ಇಂದಿಗೂ ಹಳೆಯ ಹಾದಿಯೇ.

ಡಾಕ್ಟರು ಎಡವುವುದು ಮಾತ್ರ ಇನ್ನೊಂದು ಕಡೆ. ಅಪೋಸ್ಟಿಲ್ ಸಾಕ್ಷಿ ಹೇಳುವುದು ಸಹಿಗೆ, ಸಹಿ ಮಾಡಿದ ಅಧಿಕಾರಿಯ ಹುದ್ದೆಗೆ, ಮುದ್ರೆಗೆ. ಒಳಗಿನ ಒಕ್ಕಣೆ ಸರಿಯೇ ತಪ್ಪೇ ಎಂದು ಅದು ನೋಡುವುದಿಲ್ಲ. ಇಂಗ್ಲೆಂಡಿನ 1971ರ ಕಾಯ್ದೆಯ ಪ್ರಕಾರ ಈ ಪತ್ರ ‘ಡೀಡ್’ ರೂಪದಲ್ಲೇ ಇರಬೇಕು. ಡೀಡ್ ಎಂದಮೇಲೆ ಸಾಕ್ಷಿಯ ಎದುರಿಗೇ ಸಹಿಯಾಗಬೇಕು. ನಮ್ಮ ಬಾಂಡ್ ಬರಹಗಾರರ ಮಾಮೂಲಿ ನಮೂನೆ ಅಲ್ಲಿ ತಿರಸ್ಕೃತವಾಗಬಹುದು. ಆದ್ದರಿಂದ ಮೊದಲು ಲಂಡನ್ನಿನ ವಕೀಲರಿಂದ ಕರಡು ತರಿಸಿ, ಆಮೇಲೆ ಇಲ್ಲಿ ಪೆನ್ನು ಹಿಡಿಯುವುದು ಜಾಣತನ. ಯಾವ ಮನೆ, ಯಾವ ಕೆಲಸ ಎಂಬುದನ್ನಷ್ಟೇ ಬರೆಯಿರಿ. ಇದ್ದಬದ್ದ ಅಧಿಕಾರವನ್ನೆಲ್ಲ ಸುರಿಯಬೇಡಿ.

ಅರಬ್ಬಿಯಿಂದ ಬಂದ ‘ಮುಖ್ತಾರ್’ ಪದಕ್ಕೆ ಆರಿಸಲ್ಪಟ್ಟವನು ಎಂದು ಅರ್ಥ. ಸಹಿಯನ್ನು ನಂಬಿಸಲು ಮುದ್ರೆಗಳಿವೆ. ಆರಿಸುವ ಕೆಲಸ ಮಾತ್ರ ಯಾವ ಕಚೇರಿಯೂ ಮಾಡಿಕೊಡುವುದಿಲ್ಲ, ಅದು ನಮ್ಮದೇ.