ಬರ ತಾಳುವ ಜೋಳ, ಬಿಸಿ ತಾಳುವ ಜೇನು



ಧಾರವಾಡದ ಸಪ್ತಾಪುರದಲ್ಲಿ ನಿಂತು ಸಹನಶಕ್ತಿಯ ಬಗ್ಗೆ ಭಾಷಣ ಮಾಡಲು ಎದೆಗಾರಿಕೆ ಬೇಕು. ಇಲ್ಲಿನ ಬಾಡಿಗೆ ಕೋಣೆಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ವರ್ಷಗಟ್ಟಲೆ ಓದುವ ಮಕ್ಕಳಿಗೆ ಆ ಪಾಠ ಹೊಸದಲ್ಲ. ನಾನು ಹೇಳಹೊರಟಿದ್ದು ಜೋಳದ ಮತ್ತು ಜೇನಿನ ಸಂಗತಿ.

ಎರೆಹೊಲದ ಮಾಲದಂಡಿ ಜೋಳ ನಿಮಗೆಲ್ಲ ಗೊತ್ತು. 1930ರ ದಶಕದಲ್ಲಿ ಸೊಲ್ಲಾಪುರದ ಹತ್ತಿರದ ಮೊಹೋಳದಲ್ಲಿ ಸ್ಥಳೀಯ ಮಾಲದಂಡಿಯಿಂದ ಆರಿಸಿದ ಎಂ 35-1 ತಳಿ ಇಂದಿಗೂ ನಮ್ಮ ಹಿಂಗಾರಿ ಹೊಲಗಳಲ್ಲಿದೆ. ಮಳೆ ಹಿಂದಾದ ಮೇಲೆ ನೆಲದಲ್ಲಿ ಉಳಿದ ಹಸಿಯೇ ಅದಕ್ಕೆ ಆಧಾರ. ಬರದಲ್ಲೂ ಎಲೆ ಹಸಿರಾಗಿ ಉಳಿಯುವ ಗುಣಕ್ಕೆ ಕಾರಣವಾದ ನಾಲ್ಕು ವರ್ಣತಂತು ಭಾಗಗಳನ್ನು ತಳಿವಿಜ್ಞಾನಿಗಳು ಇಥಿಯೋಪಿಯಾ ಮೂಲದ ಬಿ35 ಎಂಬ ಜೋಳದಲ್ಲಿ ಗುರುತಿಸಿದ್ದಾರೆ. ಆ ಭಾಗಗಳಿರುವ ಗಿಡ ಮರಿ ಒಡೆಯುವುದು ಕಡಿಮೆ, ಎಲೆಯ ಹರವೂ ಕಡಿಮೆ. ಹೂಬಿಡುವ ಮುಂಚೆ ಉಳಿಸಿದ ನೀರು ಕಾಳು ತುಂಬುವಾಗ ಒದಗುತ್ತದೆ. ಬರ ಬರುವ ಮೊದಲೇ ಅದು ಹಿಡಿತದ ಸಂಸಾರ ನಡೆಸಿರುತ್ತದೆ.

ಬಿಸಿಯ ವಿಷಯಕ್ಕೆ ಬಂದರೆ ಗಿಡವೂ ಜೇನೂ ಹಿಡಿಯುವ ಆಯುಧ ಒಂದೇ. 1962ರಲ್ಲಿ ಇಟಲಿಯ ವಿಜ್ಞಾನಿ ರಿಟೋಸ್ಸಾ ಅವರು ಬಿಸಿ ತಾಗಿದ ಹಣ್ಣುನೊಣದ ವರ್ಣತಂತುಗಳು ಅಲ್ಲಲ್ಲಿ ಉಬ್ಬಿದ್ದನ್ನು ಕಂಡರು. ತಾಪ ಏರಿ ಪ್ರೋಟೀನುಗಳ ಮಡಿಕೆ ಬಿಚ್ಚತೊಡಗಿದಾಗ ಆ ಉಬ್ಬಿದ ಜಾಗಗಳಲ್ಲಿನ ಜೀನ್‌ಗಳು ಎಚ್ಚೆತ್ತು ಶಾಖಾಘಾತ ಪ್ರೋಟೀನುಗಳನ್ನು ತಯಾರಿಸುತ್ತವೆ. ಅವು ಕೆಟ್ಟ ಮಡಿಕೆಯನ್ನು ಸರಿಪಡಿಸುತ್ತವೆ. ಈ ವ್ಯವಸ್ಥೆ ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೂ ಇದೆ.

ಆದರೆ ಜೇನು ಜೀವಕೋಶವನ್ನಷ್ಟೇ ನೆಚ್ಚಿ ಕೂತಿಲ್ಲ. ಬೇಸಿಗೆ ಮಧ್ಯಾಹ್ನ ಪೆಟ್ಟಿಗೆಯ ಬಾಯಿಗೆ ಕಣ್ಣಿಟ್ಟು ನೋಡಿ: ಕೆಲವು ಕೆಲಸಗಾರ ಜೇನುಗಳು ನಿಂತಲ್ಲೇ ರೆಕ್ಕೆ ಬೀಸುತ್ತಿರುತ್ತವೆ. ಒಳಗೆ ಇನ್ನು ಕೆಲವು ಎರಿಯ ಮೇಲೆ ನೀರಿನ ತೆಳು ಪದರ ಹರಡುತ್ತವೆ. ಮರಿಗಳಿರುವ ಎರಿಯ ತಾಪ ಸುಮಾರು 33ರಿಂದ 36 ಡಿಗ್ರಿಯೊಳಗೇ ನಿಲ್ಲುತ್ತದೆ. ರಾಣಿ ಹತ್ತಾರು ಗಂಡುಜೇನುಗಳೊಡನೆ ಕೂಡುವುದರಿಂದ ಗೂಡಿನಲ್ಲಿ ಬೇರೆ ಬೇರೆ ತಂದೆಯ ಮಕ್ಕಳಿರುತ್ತವೆ. ಒಬ್ಬಳಿಗೆ ಬೇಗ ಸೆಕೆಯಾಗುತ್ತದೆ, ಇನ್ನೊಬ್ಬಳಿಗೆ ತಡವಾಗಿ. ಹಾಗಾಗಿ ಎಲ್ಲವೂ ಒಮ್ಮೆಲೇ ಬೀಸಿ ಒಮ್ಮೆಲೇ ನಿಲ್ಲಿಸುವುದಿಲ್ಲ. ಆದರೆ ಜೇನಿನ ತಾಳಿಕೆಗೂ ಮಿತಿಯಿದೆ. 2006ರಲ್ಲಿ ಪ್ರಕಟವಾದ ಜೇನಿನ ಜೀನೋಮಿನಲ್ಲಿ ವಿಷ ಕರಗಿಸುವ ಜೀನ್‌ಗಳು ಹಣ್ಣುನೊಣಕ್ಕಿಂತ ಕಡಿಮೆ ಕಂಡವು. ಕೀಟನಾಶಕ ಸಿಂಪಡಿಸುವವರು ಇದನ್ನು ನೆನಪಿಡಬೇಕು. ರೋಗದ ಮುಂದೆಯೂ ಹಾಗೆಯೇ: 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ಕುಟುಂಬಗಳನ್ನು ಅಳಿಸಿಹಾಕಿತು. ಬದುಕುಳಿದ ಕುಟುಂಬಗಳ ಸಂತತಿಯೇ ಮತ್ತೆ ಪೆಟ್ಟಿಗೆ ತುಂಬಿದ್ದು.

ನನ್ನ ತಕರಾರು ಇಷ್ಟೇ. ಬೆಳೆಯವರದೊಂದು ಗೋಷ್ಠಿ, ಜೇನಿನವರದೊಂದು ಗೋಷ್ಠಿ. ಆದರೆ ಬಿಸಿಯು ಬೆಳೆ, ಜೇನು ಎರಡನ್ನೂ ಹೊಡೆಯುವುದು ಹೂವಿನಲ್ಲಿ. ಎಲೆ ತಾಳಿಕೊಂಡ ತಾಪವನ್ನು ಪರಾಗ ತಾಳುವುದಿಲ್ಲ. ಮಕರಂದವೂ ಕಡಿಮೆಯಾದರೆ ಜೇನು ಬೇರೆಡೆ ತಿರುಗುತ್ತದೆ. ಸೂರ್ಯಕಾಂತಿಯಂಥ ಬೆಳೆಯಲ್ಲಿ ಆಗ ಗಿಡ ಹಸಿರಾಗಿ ನಿಂತಿದ್ದರೂ ತೆನೆಯ ನಡುವೆ ಜೊಳ್ಳು.

ಆದ್ದರಿಂದ ಬರನಿರೋಧಕ ಎಂದು ತಳಿ ಬಿಡುಗಡೆ ಮಾಡುವ ಮುನ್ನ ಇಳುವರಿಯ ಜೊತೆಗೆ ಪರಾಗದ ಜೀವಂತಿಕೆ, ಮಕರಂದದ ಪ್ರಮಾಣ, ಹೂವಿಗೆ ಬಂದ ಜೇನುಗಳ ಎಣಿಕೆಯನ್ನೂ ದಾಖಲಿಸಿ. ಕೃಷಿ ವಿಶ್ವವಿದ್ಯಾಲಯದ ಹೊಲಗಳು ಇಲ್ಲಿಂದ ದೂರವೇನಿಲ್ಲ. ಸಸ್ಯ ತಳಿಶಾಸ್ತ್ರದವರೂ ಕೀಟಶಾಸ್ತ್ರದವರೂ ಒಂದೇ ತಾಕಿನಲ್ಲಿ ಈ ಹಿಂಗಾರಿಯಿಂದಲೇ ಕೆಲಸ ಶುರುಮಾಡಬಹುದು.