ಚಿತ್ರದುರ್ಗದ ಕಿಂಡಿ

ಚಿತ್ರದುರ್ಗದ ಜಾಣ್ಮೆ ಅದರ ಏಳು ಸುತ್ತುಗಳ ಎಣಿಕೆಯಲ್ಲಿಲ್ಲ. ಹೆಬ್ಬಂಡೆಗಳನ್ನೇ ಗೋಡೆಯಾಗಿಸಿಕೊಂಡು, ನಡುವಿನ ಸಂದುಗಳಿಗೆ ಕಲ್ಲು ಕಟ್ಟಿ ಬೆಳೆದ ಕೋಟೆ ಅದು. ಬಾಗಿಲಿನ ಮುಂದೆ ದಾರಿ ಥಟ್ಟನೆ ತಿರುಗುತ್ತದೆ. ಆನೆಗೆ ಓಡಿಬಂದು ಗುದ್ದಲು ಜಾಗವಿಲ್ಲ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿಯರ ಹೊಂಡಕ್ಕಿಳಿದು ಊರಿನ ಹೊಂಡಗಳವರೆಗೂ ಹರಿಯುತ್ತದೆ.

ಮುಚ್ಚದೆ ಉಳಿದ ಒಂದು ಕಿಂಡಿಯನ್ನು, ಜನರ ನೆನಪಿನಂತೆ, ಒನಕೆ ಹಿಡಿದು ಕಾದವಳು ಕಹಳೆಯವನ ಹೆಂಡತಿ, ಹೊಲೆಯ ಸಮುದಾಯದ ಓಬವ್ವ.

1779ರಲ್ಲಿ ಹೈದರಾಲಿ ಕೋಟೆ ಗೆದ್ದು, ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ. ಇದನ್ನು ಧರ್ಮಯುದ್ಧವೆಂದು ಅನಿವಾಸಿ ವೇದಿಕೆಗಳಲ್ಲೂ ಸಾರುವುದುಂಟು. ಆದರೆ ಅದಕ್ಕೆ ಮೊದಲು ಮದಕರಿಯ ಪಡೆ ಹೈದರನ ಪರವಾಗಿಯೇ ಕಾದಿತ್ತು. ಮರಾಠರಿಗೂ ಹೈದರನಿಗೂ ನಡುವೆ ಸಿಕ್ಕಿಬಿದ್ದ ಪಾಳೆಯಗಾರನ ಪಾಡು ಅದು. ಓಬವ್ವನ ಜಾತಿಯನ್ನಂತೂ ಆ ಭಾಷಣಗಳು ಹೇಳುವುದೇ ಇಲ್ಲ.