ಪಹಣಿ ನೋಡಿದ್ರಿ, ಹೊಲ ನೋಡಿದ್ರಾ?

ಇವತ್ತು ನಮ್ಮ ಮನೆಯದೇ ಒಂದು ವಿಷಯ ಹೇಳ್ತೀನಿ.

1998ರಲ್ಲಿ ಅಪ್ಪ ಊರಲ್ಲಿ ಒಂದು ಎಕರೆ ಹೊಲ ತಗೊಂಡ್ರು. ಛಾಪಾ ಕಾಗದದ ಮೇಲೆ ಕ್ರಯದ ಕರಾರು, ಪೂರ್ತಿ ದುಡ್ಡು, ಇಬ್ಬರು ಸಾಕ್ಷಿ. ರಿಜಿಸ್ಟ್ರೇಷನ್ ಮಾತ್ರ ಆಗಲಿಲ್ಲ. 'ಆಮೇಲೆ ಮಾಡಿಸಿದ್ರಾಯ್ತು' ಅಂದ್ಕೊಂಡ್ರು. ಆ 'ಆಮೇಲೆ' ಬರಲೇ ಇಲ್ಲ. ಅಪ್ಪ ರಾಗಿ ಬೆಳೀತಾ ಹೋದ್ರು.

ಮಾರಿದವರು ತೀರಿಕೊಂಡ್ರು. ಅವರ ಮಗ ಪೌತಿ ಖಾತೆ ಮಾಡಿಸ್ಕೊಂಡು ಅದೇ ಹೊಲವನ್ನ ಇನ್ನೊಬ್ಬರಿಗೆ ಮಾರಿದ. ಅವರೇನೂ ಮೋಸಗಾರರಲ್ಲ. ಇಸಿ ತೆಗೆಸಿದ್ರು, ಪಹಣಿ ನೋಡಿದ್ರು, ಸಾಲ ಮಾಡಿ ದುಡ್ಡು ಕೊಟ್ಟು ನೋಂದಣಿ ಮಾಡಿಸಿದ್ರು. ಒಂದು ಬೆಳಗ್ಗೆ ಟ್ರ್ಯಾಕ್ಟರ್ ತುಂಬಾ ಬೇಲಿಕಲ್ಲು ತಂದು ನಿಂತಾಗಲೇ ಇಬ್ಬರಿಗೂ ವಿಷಯ ಗೊತ್ತಾಗಿದ್ದು.

ಈಗ ಹೊಲ ಯಾರದ್ದು?

ಮೊದಲು ಕಹಿ ಸತ್ಯ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ 100 ರೂಪಾಯಿ ಅಥವಾ ಹೆಚ್ಚಿನ ಬೆಲೆಯ ಜಮೀನು ನೋಂದಾಯಿತ ಪತ್ರದಿಂದಲೇ ಮಾರಾಟ ಆಗಬೇಕು. ಬರೀ ಕರಾರಿನಿಂದ ಮಾಲೀಕತ್ವ ಬರಲ್ಲ. ಅಂದ್ರೆ ಇಷ್ಟು ವರ್ಷ ಉತ್ತರೂ ಕಾನೂನಿನ ಕಣ್ಣಲ್ಲಿ ಅಪ್ಪ ಮಾಲೀಕರಲ್ಲ.

ಹಾಗಂತ ಅವರ ಕೈ ಖಾಲಿ ಇಲ್ಲ. ಲಿಖಿತ ಕರಾರಿನ ಮೇಲೆ ಸ್ವಾಧೀನ ಪಡೆದು, ತನ್ನ ಪಾಲಿನ ಮಾತು ಉಳಿಸಿಕೊಂಡವರಿಗೆ 53ಎ ಸೆಕ್ಷನ್ ಒಂದು ಗುರಾಣಿ ಕೊಡುತ್ತೆ. ಗಮನಿಸಿ, ಗುರಾಣಿ ಅಷ್ಟೇ, ಕತ್ತಿ ಅಲ್ಲ. ಸ್ವಾಧೀನ ಕಾಪಾಡಿಕೊಳ್ಳಬಹುದು, ಮಾಲೀಕತ್ವ ಸಿಗಲ್ಲ. 2001ರ ತಿದ್ದುಪಡಿ ಆದ್ಮೇಲೆ ಈ ರಕ್ಷಣೆಗೂ ಕರಾರು ನೋಂದಣಿ ಆಗಿರಲೇಬೇಕು. ನಮ್ಮದು ಅದಕ್ಕಿಂತ ಹಳೇದು.

ಆದರೆ ದುಡ್ಡು ಕೊಟ್ಟು, ಕರಾರಿನ ವಿಷಯ ಗೊತ್ತಿಲ್ಲದೆ ಕೊಂಡವರ ಮುಂದೆ ಈ ಗುರಾಣಿ ನಿಲ್ಲಲ್ಲ. ಹಾಗಾಗಿ ಇಡೀ ಕೇಸು ಒಂದೇ ಪ್ರಶ್ನೆ ಮೇಲೆ ನಿಂತಿದೆ: ಅವರಿಗೆ ನಿಜವಾಗಲೂ ಗೊತ್ತಿರಲಿಲ್ವಾ?

ಇಲ್ಲಿ ಕಾನೂನು 'ನಂಗೆ ಯಾರೂ ಹೇಳ್ಲಿಲ್ಲ' ಅನ್ನೋ ಉತ್ತರ ಒಪ್ಪಲ್ಲ. ಅದೇ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಜಮೀನಿನಲ್ಲಿ ಬೇರೆಯವರು ಸ್ವಾಧೀನದಲ್ಲಿದ್ದರೆ ಅವರ ಹಕ್ಕಿನ ವಿಷಯ ಕೊಳ್ಳುವವರಿಗೆ ಗೊತ್ತಿತ್ತು ಅಂತಲೇ ಲೆಕ್ಕ. 2000ದಲ್ಲಿ ಸುಪ್ರೀಂ ಕೋರ್ಟ್ ಒಂದು ಬಾಡಿಗೆದಾರನ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಒಳಗಿರೋರನ್ನ ಕೇಳದೆ ಕೊಂಡರೆ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ.

ಇಸಿಯಲ್ಲಿ ಕಾಣೋದು ನೋಂದಣಿ ಆದದ್ದು ಮಾತ್ರ. ಪಹಣಿಯಲ್ಲಿ ಎಲ್ಲರೂ 9ನೇ ಕಾಲಂ ನೋಡ್ತಾರೆ, ಅಲ್ಲಿರೋದು ಮಾಲೀಕರ ಹೆಸರು. 12ನೇ ಕಾಲಂ, ಅಂದ್ರೆ ಸಾಗುವಳಿ ವಿವರ, ಯಾರೂ ನೋಡಲ್ಲ.

ನಮ್ಮ ಕೇಸು ಇನ್ನೂ ನಡೀತಿದೆ. ಕೋರ್ಟ್ ಹೊರಗೆ ಅಪ್ಪ, ಆ ಖರೀದಿದಾರರು ಒಂದೇ ಬೆಂಚಲ್ಲಿ ಟೀ ಕುಡೀತಾರೆ. 'ಪಾಪ, ಅವನೂ ದುಡ್ಡು ಕೊಟ್ಟಿದ್ದಾನೆ' ಅಂತಾರೆ ಅಪ್ಪ. ಯಾರು ಗೆದ್ದರೂ ಒಬ್ಬ ಪ್ರಾಮಾಣಿಕ ಸೋಲ್ತಾನೆ.

ಅದಕ್ಕೆ ಎರಡು ಮಾತು. ಜಾಗ ಕೊಳ್ಳೋ ಮುಂಚೆ ಅಲ್ಲಿಗೆ ಹೋಗಿ, 'ಇಲ್ಲಿ ಬೆಳೆ ಇಡೋರು ಯಾರು?' ಅಂತ ಪಕ್ಕದ ಹೊಲದವರನ್ನ ಕೇಳಿ. ಮನೆ ಟ್ರಂಕಲ್ಲಿ ನೋಂದಣಿ ಆಗದ ಹಳೇ ಪತ್ರ ಇದ್ರೆ, ಬರೆದುಕೊಟ್ಟವರು ಬದುಕಿರುವಾಗಲೇ ವಕೀಲರಿಗೆ ತೋರಿಸಿ.

ಇವತ್ತು ರಾತ್ರಿ ಅಪ್ಪನಿಗೊಂದು ಫೋನ್ ಮಾಡಿ ಕೇಳಿ. ಮತ್ತೆ ಸಿಗೋಣ.